ಹತ್ತಿಯ ಸಾಲಿಗೆ ಕಟ್ಟಿದ ಅರಿಶಿನದ ದಾರ

ಮೊನ್ನೆ ನನ್ನ ಮೊಮ್ಮಗಳು ಸೂರತ್ತಿನಿಂದ ವಡೋದರೆಯ ನಮ್ಮ ಮನೆಗೆ ಬಂದಳು. ಕೃಷಿ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಅವಳ ತರಗತಿಯ ಮಕ್ಕಳನ್ನೆಲ್ಲ ಹತ್ತಿ ಸಂಶೋಧನೆಯ ಹೊಲ ನೋಡಲು ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಎರಡೂ ಕೈ ನನ್ನ ಮುಖದ ಮುಂದೆ ಹಿಡಿದು, “ಅಜ್ಜಿ, ನಾನೇ ಕ್ರಾಸಿಂಗ್ ಮಾಡ್ದೆ! ಈ ಕೈಯಿಂದ! ಹದಿನಾಲ್ಕು ಹೂವು! ಸರ್ ಬೋಲೇ, ನಿನ್ನ ಕೈ ಬಹುತ್ ಸಾಫ್ ಇದೆ ಅಂತ” ಎಂದಳು.

ಮೂರು ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಇಸ್ತ್ರಿಯವನಿಗೆ ಹೇಳಿದೆ, ಮೇಲಿನ ಮನೆಯ ಕಿವುಡು ಮುದುಕರಿಗೆ ಕೂಗಿ ಹೇಳಿದೆ. “ಅವ್ವಾ, ಹದಿನಾಲ್ಕು ಹೂವಿಗೆ ಇಡೀ ಸೊಸೈಟಿಗೆ ಪೇಢೆ ಹಂಚ್ತಿ ಏನ?” ಎಂದು ಮಗ ನಕ್ಕ. ಹಂಚಿಯೇಬಿಟ್ಟೆ. ಅವನಿಗೇನು ಗೊತ್ತು ಹದಿನಾಲ್ಕು ಹೂವಿನ ಬೆಲೆ!

ಆದರೆ ಅವಳನ್ನು ಅಪ್ಪಿಕೊಂಡಾಗ ಅವಳ ದುಪಟ್ಟಾದಿಂದ ಹಸಿ ಹತ್ತಿಯೆಲೆಯ ಒಗರು ವಾಸನೆ ಬಂತು. ಆ ವಾಸನೆಯನ್ನು ನಾನು ಬಹಳ ವರ್ಷ ಮೂಸಿರಲಿಲ್ಲ. ಮೂಸಬಾರದೆಂದೇ ದೂರ ಇದ್ದೆ ಎಂದರೂ ನಡೆದೀತು. ಖುಷಿ ತಡೆಯಲಾರದೆ ಕಾಗದ ಹಿಡಿದು ಕೂತವಳು ನಾನು, ಬರೆಯಹೊರಟರೆ ಬರುತ್ತಿರುವುದು ಬೇರೆಯೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಬರಹ ಇದು. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಬೇಕು.

ಅರವತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಮನೆಯವರು ಹಾವೇರಿ ಕಡೆಯ ಹತ್ತಿ ಹೊಲಗಳಲ್ಲಿ ಸರ್ಕಾರದ ಸಹಾಯಕರಾಗಿದ್ದವರು, ಸೂರತ್ತಿನ ಹೊರಗೆ ಒಂದು ಕೃಷಿ ಸಂಶೋಧನಾ ಕಾಲೇಜಿನ ಹೊಲಕ್ಕೆ ಬಂದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಕಾಗದ ಅಹಮದಾಬಾದಿನ ಕಚೇರಿಯಿಂದ ಬರಬೇಕಿತ್ತು. ನನಗೆ ಆಗ ಹದಿನೆಂಟು ವರ್ಷ, ಮದುವೆಯಾಗಿ ಒಂದೇ ವರ್ಷ. ಹೊಲದ ಅಂಚಿಗೆ ಒಂದು ಕೋಣೆಯ ಮನೆ ಕೊಟ್ಟಿದ್ದರು. ಆ ವರ್ಷ ಮಳೆ ಬೇಗ ಬಿಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟರೆ ಸೀರೆ ಒದ್ದೆಯಾಗುತ್ತಿತ್ತು. ಮಾತಾಡಲು ಒಂದು ಪಿಳ್ಳೆಯೂ ಇರಲಿಲ್ಲ. ಒಬ್ಬಳೇ ಕೂತು ಕೂತು ಹುಚ್ಚು ಹಿಡಿದೀತೆಂದು ಮನೆಯವರೇ ಹೊಲದ ಪ್ರಯೋಗ ನಡೆಸುತ್ತಿದ್ದ ಸಾಹೇಬರನ್ನು ಕೇಳಿ ನನ್ನನ್ನು ಹೂವಿನ ಕೆಲಸಕ್ಕೆ ಹಚ್ಚಿದರು.

ಹೂವಿನ ಕೆಲಸ ಎಂದರೆ ಇದು. ಹತ್ತಿಯ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಕಡೆ ಇರುತ್ತವೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಬುಡದ ಸುತ್ತ ಗೀರಿ, ಎಸಳಿನ ಜೊತೆಗೆ ಗಂಡು ಭಾಗವನ್ನು ಮಗುವಿನ ಟೊಪ್ಪಿಗೆ ತೆಗೆದಂತೆ ಮೆಲ್ಲಗೆ ತೆಗೆಯಬೇಕು. ಒಳಗಿನ ಹೆಣ್ಣು ಕಡ್ಡಿಗೆ ಉಗುರು ತಾಗಿದರೆ ಮುಗಿಯಿತು. ಅದಕ್ಕೆ ಕಾಗದದ ಚೀಲ ತೊಡಿಸಿ, ಮಾರನೆಯ ಬೆಳಗ್ಗೆ ಬೇರೆ ಜಾತಿಯ ಗಂಡು ಹೂವು ತಂದು ಸವರಿ, ಮತ್ತೆ ಚೀಲ ತೊಡಿಸಿ, ತೊಟ್ಟಿಗೆ ಬಣ್ಣದ ದಾರ ಕಟ್ಟಬೇಕು. ದಾರ ಇದ್ದರೆ ಅದು ನಾವು ಕೂಡಿಸಿದ ಕಾಯಿ. ಇಲ್ಲದಿದ್ದರೆ ಗಿಡ ತನ್ನಷ್ಟಕ್ಕೆ ತಾನು ಕಟ್ಟಿದ ಕಾಯಿ. ಎರಡಕ್ಕೂ ಗುರುತು ಎಂದರೆ ಆ ಒಂದು ಎಳೆ ದಾರ ಮಾತ್ರ.

ಇದನ್ನು ನನಗೆ ಕಲಿಸಿದವಳು ಮಣಿಬೇನ್. ಪಕ್ಕದ ಹಳ್ಳಿಯವಳು, ನಲವತ್ತರ ಹತ್ತಿರದವಳು. ಗಂಡನಿಗೆ ಉಬ್ಬಸ, ಇಬ್ಬರು ಹೆಣ್ಣುಮಕ್ಕಳು, ಒಲೆ ಉರಿಯುತ್ತಿದ್ದುದು ಇವಳ ದುಡಿಮೆಯಿಂದ. ಹೆಂಗಸರ ಗುಂಪಿಗೆ ಮುಖ್ಯಸ್ಥೆ ಅವಳೇ, ದಾರದ ಉಂಡೆಗಳು ಅವಳ ಸೊಂಟದ ಚೀಲದಲ್ಲೇ ಇರುತ್ತಿದ್ದವು. ಅವಳದು ಗುಜರಾತಿ, ನನ್ನದು ಹಾವೇರಿ ಮಾತು. ನಡುವೆ ಹರಕು ಮುರುಕು ಹಿಂದಿ. ಆದರೆ ಅವಳ ಮಾತು ನನ್ನ ಕಿವಿಯಲ್ಲಿ ನಮ್ಮೂರ ಮಾತಾಗಿಯೇ ಉಳಿದಿದೆ. ಹಾಗೆಯೇ ಬರೆಯುತ್ತೇನೆ.

“ಏ ಮದ್ರಾಸಿ, ಅದು ಹೂವು. ಬದನಿಕಾಯಿ ತುಂಬು ತಗದಂಗ ತಗೀಬ್ಯಾಡ” ಎಂದು ಮೊದಲ ದಿನ ಬೈದಳು.

“ನಾ ಮದ್ರಾಸಿ ಅಲ್ಲ, ಧಾರವಾಡ ಕಡೆಯಾಕಿ.”

“ಮುಂಬೈ ದಾಟಿದ ಮ್ಯಾಲ ನಮಗೆಲ್ಲಾ ಮದ್ರಾಸ!” ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ವಾರದೊಳಗೆ ನಾನು ಅವರಿಗೆ ನೀಲಾಬೇನ್ ಆದೆ. ನೀಲವ್ವ ಎಂದು ಕರೆಯಲು ಅವರ ನಾಲಿಗೆ ಹೊರಳುತ್ತಿರಲಿಲ್ಲ.

ನಾನು ಬಸುರಿಯೆಂದು ನನಗಿಂತ ಮೊದಲು ಗೊತ್ತಾದದ್ದೂ ಅವಳಿಗೇ. ಬಾಗಿ ಏಳುವಾಗ ಸೊಂಟಕ್ಕೆ ಕೈ ಕೊಡುವುದನ್ನು ನೋಡಿ, ಏನೂ ಹೇಳದೆ ಎತ್ತರದ ಗಿಡಗಳ ಸಾಲನ್ನು ನನಗೆ ಬಿಟ್ಟು, ತಾನು ಗಿಡ್ಡ ಸಾಲು ಹಿಡಿದಳು.

ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಅವತ್ತು ಬೆಳೆದು ನಿಂತ ಪೈರಿಗೆ ಸೀಮಂತ. ಭೂಮಿತಾಯಿ ತುಂಬು ಬಸುರಿಯಂತೆ, ಅವಳಿಗೆ ಬಯಕೆಯ ಊಟ. ಕಡುಬು, ಸಜ್ಜಿ ರೊಟ್ಟಿ, ಹೋಳಿಗೆ, ಪುಂಡಿಪಲ್ಯ ಎಲ್ಲ ಕಲಸಿ “ಹುಲ್ಲುಲ್ಲಿಗೋ” ಎಂದು ಕೂಗುತ್ತ ಹೊಲದ ತುಂಬ ಚರಗ ಚೆಲ್ಲುತ್ತಾರೆ. ನಮ್ಮ ಅವ್ವ ಇನ್ನೂ ಒಂದು ಮಾಡುತ್ತಿದ್ದಳು. ಪ್ರತಿ ಸಾಲಿನ ಮೊದಲ ಗಿಡ ಮನೆಯ ಹಿರಿಸೊಸೆ ಇದ್ದಂತೆ ಎಂದು, ಆ ಗಿಡದ ಒಂದೊಂದು ಹೂವು, ಒಂದೊಂದು ಮಿಡಿಕಾಯಿಗೂ ಅರಿಶಿನದಲ್ಲಿ ಅದ್ದಿದ ದಾರ ಕಟ್ಟುತ್ತಿದ್ದಳು, ದೃಷ್ಟಿಯಾಗದಿರಲೆಂದು.

ನನ್ನ ಹೊಟ್ಟೆಯಲ್ಲಿ ನಾಲ್ಕು ತಿಂಗಳು. ಅವ್ವ ನೂರಾರು ಹರದಾರಿ ದೂರ. ನನಗೆ ಕಣ್ಣೀರು ಬಂತು. “ಹೊಲ ಐತಿ, ಬೆಳಿ ಐತಿ. ಚರಗ ಚೆಲ್ಲದಿದ್ರ ಹೆಂಗ್ರೀ?” ಎಂದೆ.

“ಇದು ಪ್ರಯೋಗದ ಹೊಲ, ನಿಮ್ಮಪ್ಪನ ಹೊಲ ಅಲ್ಲ” ಎಂದರು ಮನೆಯವರು. ಆಮೇಲೆ ನನ್ನ ಮುಖ ನೋಡಿ, “ನಾಳೆ ಸೂಟಿ ಐತಿ. ಲಗೂನ ಹೋಗಿ ಲಗೂನ ಬರೂಣು. ಕೂಗೂದು ಮಾತ್ರ ಬ್ಯಾಡ” ಎಂದರು.

ಕೂಗಲಿಲ್ಲ. ಬಾಯೊಳಗೇ “ಹುಲ್ಲುಲ್ಲಿಗೋ” ಎನ್ನುತ್ತ ಚೆಲ್ಲಿದೆವು. ಪ್ರತಿ ಸಾಲಿನ ಮೊದಲ ಗಿಡದ ಮುಂದೆ ಕೂತು ದಾರ ಕಟ್ಟಿದೆ. ಆಗ ಆ ಹೊಲದಲ್ಲಿ ಗುರುತಿಗೆ ಬಳಸುತ್ತಿದ್ದುದು ಕೆಂಪು ದಾರ ಮಾತ್ರ. ಹಳದಿ ದಾರ ಯಾವ ಲೆಕ್ಕಕ್ಕೂ ಸೇರದು ಎಂದು ನನ್ನ ತಿಳುವಳಿಕೆ. ಮನೆಯವರೂ ಹಾಗೆಯೇ ತಿಳಿದರು. ಅವತ್ತು ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ದೀಪಾವಳಿ ಕಳೆದ ಮೇಲೆ ಎರಡನೇ ಜಾತಿಯ ಗಂಡು ಹೂವು ಅರಳತೊಡಗಿತು. ಅದರಿಂದ ಕೂಡಿಸಿದ ಹೂವುಗಳಿಗೆ ಬೇರೆ ಬಣ್ಣದ ದಾರ ಬಂತು. ಹಳದಿ. ನಾನು ಆಗ ಹೊಲದಲ್ಲಿರಲಿಲ್ಲ. ಹೊಟ್ಟೆ ಕಾಣತೊಡಗಿದ್ದರಿಂದ ನನ್ನನ್ನು ಹತ್ತಿಯಿಂದ ಬೀಜ ಬಿಡಿಸುವ ಶೆಡ್ಡಿಗೆ ಕಳಿಸಿದ್ದರು. ಹಳದಿ ದಾರ ಬಂದದ್ದು ಕಿವಿಗೆ ಬಿದ್ದಿತ್ತು. ಬಿದ್ದರೂ ಮನಸ್ಸು ಅತ್ತ ಹೋಗಲಿಲ್ಲ. ಕಾಲು ಬಾತಿದ್ದವು, ಊಟ ನಿಲ್ಲುತ್ತಿರಲಿಲ್ಲ. ನನ್ನ ಚಿಂತೆ ನನಗಾಗಿತ್ತು.

ಜನವರಿಯಲ್ಲಿ, ಉತ್ತರಾಯಣದ ಗಾಳಿಪಟದ ಹಬ್ಬ ಮುಗಿದ ವಾರ, ವಡೋದರೆಯ ಕಾಲೇಜೊಂದರ ವಿದ್ಯಾರ್ಥಿಗಳು ಬೆಳಗಿನ ರೈಲಿಗೆ ಬಂದಿಳಿದರು. ಸಾಹೇಬರು ಅವರಿಗಾಗಿಯೇ ದಾರದ ಕಾಯಿಗಳನ್ನೆಲ್ಲ ಬಿಡಿಸದೆ ಗಿಡದಲ್ಲೇ ಇರಿಸಿದ್ದರು. ಮಕ್ಕಳು ಸ್ವಂತ ಕೈಯಿಂದ ಬಿಡಿಸಿ ಕಲಿಯಬೇಕೆಂಬುದು ಅವರ ಆಸೆ. ಮಂಜು ಕವಿದ ಹೊಲದಲ್ಲಿ ಬಿಳಿ ಅಂಗಿಯ ಹುಡುಗರು, ನಾಲ್ಕೈದು ಹುಡುಗಿಯರು. ಅವರ ನಗು ಶೆಡ್ಡಿನವರೆಗೂ ಕೇಳುತ್ತಿತ್ತು. ನಮ್ಮ ಹೆಂಗಸರಿಗೆ ಅವತ್ತು ಬದುವಿನ ಮೇಲೆ ನಿಂತು ನೋಡುವ ಕೆಲಸ.

“ಸಾಹೇಬ್ರ, ನಾವು ಒಂದ್ಸಲ ಮುಂದ ಹೋಗಿ ನೋಡ್ತೀವಿ, ಆಮ್ಯಾಲ ಮಕ್ಕಳು ಬಿಡಿಸಲಿ” ಎಂದು ಮಣಿಬೇನ್ ಕೇಳಿದಳಂತೆ. “ಬೇಡ ಬೇಡ, ದಾರ ನೋಡಿ ಬಿಡಿಸುವುದು ಅವರಿಗೂ ಬರುತ್ತದೆ” ಎಂದರಂತೆ ಅವರು. ಮಕ್ಕಳು ಕೆಂಪು ದಾರದ್ದನ್ನು ಒಂದು ಚೀಲಕ್ಕೆ, ಹಳದಿ ದಾರದ್ದನ್ನು ಇನ್ನೊಂದು ಚೀಲಕ್ಕೆ ಬಿಡಿಸಿ ತುಂಬಿದರು. ನನ್ನ ಅರಿಶಿನದ ದಾರ ಮೂರು ತಿಂಗಳ ಬಿಸಿಲು ಇಬ್ಬನಿಗೆ ಬಣ್ಣ ಬಿಟ್ಟು, ಮಾಸಿದ ಹಳದಿ ದಾರದ ಹಾಗೆಯೇ ಕಾಣುತ್ತಿತ್ತು.

ಮಧ್ಯಾಹ್ನ ಶೆಡ್ಡಿನ ಮುಂದೆ ಚಾಪೆ ಹಾಸಿ ಎಲ್ಲರಿಗೂ ಪೊಂಕ್ ಕೊಟ್ಟರು. ನಮ್ಮೂರಿನ ಸೀತನಿಯೇ ಅದು, ಎಳೆ ಜೋಳದ ತೆನೆ ಸುಟ್ಟು ಉದುರಿಸಿದ್ದು. ಇಲ್ಲಿ ಅದಕ್ಕೆ ಸೇವು ಬೆರೆಸುತ್ತಾರೆ. ತಿನ್ನುತ್ತ ತಿನ್ನುತ್ತಲೇ ಎರಡು ಜಡೆಯ, ಕನ್ನಡಕದ ಹುಡುಗಿಯೊಬ್ಬಳು ಕಾಯಿ ಎಣಿಸಿ ಹೊಲದ ಪುಸ್ತಕಕ್ಕೆ ತಾಳೆ ಹಾಕುತ್ತಿದ್ದಳು. ಥಟ್ಟನೆ ತಲೆಯೆತ್ತಿ, “ಸರ್, ಹಳದಿಯಲ್ಲಿ ಕೂಡಿಸಿದ ಹೂವಿಗಿಂತ ಬಿಡಿಸಿದ ಕಾಯಿ ಹೆಚ್ಚಾಗಿವೆ” ಎಂದಳು.

ಕೂಡಿಸಿದ ಹೂವಿನಲ್ಲಿ ಅರ್ಧ ಉದುರಿಹೋಗುವುದೇ ಇದೆ. ಹೆಚ್ಚಾಗುವುದು ಎಂದರೇನು?

“ಗಾಳಿಪಟದ ದಾರ ಸಿಕ್ಕಿಕೊಂಡಿರಬೇಕು ಸರ್” ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಪುಸ್ತಕ ಇಸಿದುಕೊಂಡು ಎರಡು ಸಲ ನೋಡಿ, ಮಣಿಬೇನಳನ್ನು ಕರೆದರು.

“ದಾರ ಯಾರ ಹತ್ತಿರ ಇರುತ್ತದೆ?”

“ನನ್ನ ಹತ್ರ ಸಾಹೇಬ್ರ.”

“ಹೂವು ಕೂಡಿಸದೆ ಬರೀ ದಾರ ಕಟ್ಟಿದಿರಾ? ದಿನಕ್ಕೆ ಇಷ್ಟು ಹೂವು ಕೂಡಿಸಿ ಅಂದರೆ, ನೆರಳಲ್ಲಿ ಕೂತು ದಾರ ಸುತ್ತಿ ಎದ್ದು ಬಂದಿರಾ?”

ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಹೆಚ್ಚಾದ ಕಾಯಿಗಳು ನನ್ನ ಅರಿಶಿನದ ದಾರದವೆಂದು ಹೊಳೆಯಿತು. ಮನೆಯವರ ಕಡೆ ನೋಡಿದೆ. ಅವರು ಆಗಲೇ ನನ್ನನ್ನು ನೋಡುತ್ತಿದ್ದರು. ಅವರಿಗೂ ಹೊಳೆದಿತ್ತು. ತಲೆಯನ್ನು ಒಂದೇ ಒಂದು ಸಲ, ನೊಣ ಓಡಿಸುವಷ್ಟು ಮೆಲ್ಲಗೆ, ಆ ಕಡೆ ಈ ಕಡೆ ಅಲ್ಲಾಡಿಸಿದರು.

“ಇಪ್ಪತ್ತು ವರ್ಷ ಆತು ಸಾಹೇಬ್ರ ಹೂವು ಮುಟ್ಟಾಕ ಹತ್ತಿ” ಎಂದಳು ಮಣಿಬೇನ್. “ನನ್ನ ಕೈ ಖಾಲಿ ದಾರ ಕಟ್ಟಂಗಿಲ್ಲ.”

“ಮತ್ತೆ ಇದು ಎಲ್ಲಿಂದ ಬಂತು?”

ಅವಳು ಚೀಲದ ಬಾಯಿ ಬಿಚ್ಚಿ ಕಾಯಿಗಳ ಮೇಲೆ ಕೈಯಾಡಿಸಿದಳು. ಅಂಟಿಕೊಂಡಿದ್ದ ಒಂದು ದಾರವನ್ನು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ಚೀಲ ಮುಚ್ಚಿ ಸುಮ್ಮನೆ ನಿಂತಳು. ಅಷ್ಟು ಮಕ್ಕಳ ಎದುರಿಗೆ. ಪೊಂಕಿನ ತಟ್ಟೆ ಹಿಡಿದ ಆ ಹುಡುಗ ಹುಡುಗಿಯರು ಯಾವ ಕಡೆ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದರು. “ನಾಳೆಯಿಂದ ಬರಬೇಡ” ಎಂದರು ಸಾಹೇಬರು. ಸೊಂಟದ ದಾರದ ಚೀಲ ಬಿಚ್ಚಿ ಮೇಜಿನ ಮೇಲಿಟ್ಟು ಅವಳು ಹೊರಟಳು. ಗೇಟು ಮುಟ್ಟುವ ತನಕ ಮೂರು ಸಲ ಹಿಂದಿರುಗಿ ನೋಡಿದಳು. ಶಾಪ ಹಾಕುತ್ತಿದ್ದಾಳೆ ಎಂದುಕೊಂಡು ನಾನು ಬಾಗಿಲ ಮರೆಗೆ ಸರಿದೆ.

ಇಷ್ಟು ಬರೆದು ಎದ್ದು ಹೋಗಿ ಮೊಮ್ಮಗಳ ಮುಖ ನೋಡಿಕೊಂಡು ಬಂದೆ. ಪುಸ್ತಕದ ಮೇಲೆ ತಲೆಯಿಟ್ಟು ಓದುತ್ತಿದ್ದಾಳೆ, ನನ್ನ ಬಂಗಾರ. “ಕ್ಯಾ ಹುವಾ ಅಜ್ಜಿ, ಯಾಕೆ ಅಳು?” ಎಂದಳು. ಖುಷಿಗೆ ಎಂದೆ. ಅದೂ ಸುಳ್ಳಲ್ಲ.

ಆ ಸಂಜೆ ಮನೆಯಲ್ಲಿ ನಾನು, “ನಾಳೆ ಹೋಗಿ ಹೇಳ್ತೀನ್ರೀ” ಎಂದೆ.

“ಸುಮ್ನಿರು. ನೀ ಹೇಳಿದ್ರ ಅವರು ಮೊದ್ಲು ಕೇಳೂದು ನನ್ನ. ಪ್ರಯೋಗದ ಹೊಲದಾಗ ಹೆಂಡ್ತೀನ್ನ ಪೂಜಿ ಮಾಡಾಕ ಯಾಕ ಬಿಟ್ಟಿ ಅಂತಾರ. ಕಾಯಂ ಆಗೂ ಕಾಗದ ಅಲ್ಲೇ ಹರಿದು ಒಗೀತಾರ. ಆಮ್ಯಾಲ ಮೂರೂ ಮಂದಿ ಬೀದಿಗೆ.” ಮೂರು ಎನ್ನುವಾಗ ಅವರು ನನ್ನ ಹೊಟ್ಟೆ ನೋಡಿದರು. ತಟ್ಟೆಯ ಅನ್ನವನ್ನು ಅವರೂ ಉಣ್ಣಲಿಲ್ಲ.

ನಾನೊಂದು ಗಡುವು ಹಾಕಿಕೊಂಡೆ. ಕಾಗದ ಬಂದ ದಿನ ಹೇಳುವುದು. ಕಾಗದ ಬರುವವರೆಗೆ ಬಾಯಿ ಮುಚ್ಚಿಕೊಂಡಿರುವುದು. ಹೀಗೆ ಅಂದುಕೊಂಡ ಮೇಲೆ ಸ್ವಲ್ಪ ನಿದ್ದೆಯೂ ಬಂತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಹಳದಿ ದಾರದ ಚೀಲದ ಹತ್ತಿ ನಾಲ್ಕು ದಿನಕ್ಕೆ ನನ್ನ ಮುಂದೆಯೇ ಬಂತು. ಬೀಜ ಬಿಡಿಸಿ ಕಾಲೇಜಿನ ಎಮ್ಮೆಗಳಿಗೆ ಕಳಿಸಿ ಎಂದು ಅಪ್ಪಣೆ. ನನ್ನ ಕೈಯಿಂದಲೇ ಬಿಡಿಸಿದೆ, ನನ್ನ ಕೈಯಿಂದಲೇ ಬುಟ್ಟಿಗೆ ಸುರಿದೆ, ಎಮ್ಮೆಯವನು ಹೊತ್ತುಕೊಂಡು ಹೋದ.

ಮಾರ್ಚಿನಲ್ಲಿ ಗಂಡುಮಗು ಹುಟ್ಟಿತು. ಪೇಢೆ ಹಂಚಿದ್ದಕ್ಕೆ ನಕ್ಕ ಮಗ ಇವನೇ. ಮೇ ತಿಂಗಳ ಸೆಕೆಯಲ್ಲಿ ಅಹಮದಾಬಾದಿನಿಂದ ಕಾಗದ ಬಂತು. ಮನೆಯವರು ಅದನ್ನು ದೇವರ ಮುಂದಿಟ್ಟು ಕೈ ಮುಗಿದರು. ಮರುದಿನ ಅವರು ಹೊಲಕ್ಕೆ ಹೋದ ಮೇಲೆ ನಾನು ಕೂಸನ್ನು ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದೆ. ನನ್ನ ಹರಕು ಹಿಂದಿಯಲ್ಲಿ ಹುಣ್ಣಿಮೆ, ಚರಗ, ಅರಿಶಿನ, ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ.

“ಯಾವ ಗಿಡಗಳಿಗೆ ಕಟ್ಟಿದಿರಿ?” ಎಂದರು.

“ಸಾಲಿನ ಮೊದಲ ಗಿಡಕ್ಕೆ.”

“ಮೊದಲನೆಯದಕ್ಕೆ ಮಾತ್ರವಾ? ಬೇರೆ ಯಾವುದಕ್ಕೂ ಇಲ್ಲವಾ?”

“ಇಲ್ಲ ಸಾಹೇಬ್ರ. ಮೊದಲನೆಯದಕ್ಕೆ ಮಾತ್ರ.”

ಅವರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಆಮೇಲೆ, ಚಿಕ್ಕ ಮಗುವಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು. “ಹಾಗಾದರೆ ಉಳಿದದ್ದೆಲ್ಲ ಸರಿಯಾಗಿಯೇ ಇತ್ತು ತಾಯಿ. ಮುಂದಿನ ತಿಂಗಳು ಆ ಬೀಜ ಬಿತ್ತುತ್ತಿದ್ದೆ. ಗಿಡ ಮೇಲೆದ್ದ ಮೇಲೆ ನಿನ್ನ ದಾರದವು ಯಾವುವು, ಅವಳು ಕೂಡಿಸಿದವು ಯಾವುವು ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಿನ್ನವನ್ನು ಮಾತ್ರ ಕಿತ್ತು ಹಾಕುತ್ತಿದ್ದೆ. ಆ ಹೆಂಗಸು ಎಲ್ಲವನ್ನೂ ಸುಳ್ಳೇ ಕಟ್ಟಿದ್ದಾಳೆ ಎಂದುಕೊಂಡು ಎಲ್ಲವನ್ನೂ ಬಿಸಾಕಿಸಿದೆ.” ಪೆನ್ನು ಮತ್ತೆ ಎತ್ತಿಕೊಂಡು, “ಅವಳಿಗೆ ಬರಲು ಹೇಳು. ನಾನು ಕರೆದೆ ಅನ್ನು” ಎಂದರು.

ಸಂಜೆ ಮನೆಯವರು ಬಾಗಿಲಲ್ಲೇ ನಿಂತು, “ಹೇಳಿದಿ?” ಎಂದರು. ಹೂಂ ಎಂದೆ. “ಚಲೋ ಆತು” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮಣಿಬೇನ್ ಈಗ ಸೂರತ್ತಿನ ಪಕ್ಕದ ಉಧ್ನಾದಲ್ಲಿ, ನೇಯ್ಗೆಯ ಕಾರ್ಖಾನೆಯಲ್ಲಿ ನೂಲು ಸುತ್ತುತ್ತಾಳೆಂದು ಹೆಂಗಸರು ಹೇಳಿದರು. ಕೂಸನ್ನು ಕಟ್ಟಿಕೊಂಡು ಹೋದೆ. ಮಧ್ಯಾಹ್ನದ ಊಟದ ಬಿಡುವಿಗೆ ಹೊರಗೆ ಬಂದಳು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ನೂಲಿನ ಧೂಳು. ಒಳಗಿನ ಮಗ್ಗಗಳ ಸದ್ದು ಕಿವಿಯಲ್ಲಿ ತುಂಬಿಕೊಂಡು ಬಂದವಳು, ಜೋರಾಗಿಯೇ ಮಾತಾಡುತ್ತಿದ್ದಳು. ನನ್ನ ಕೈಯಿಂದ ಕೂಸನ್ನು ಇಸಿದುಕೊಂಡು ಗೋಡೆಯ ನೆರಳಿಗೆ ಕೂತಳು. ನಾನು ಸಾಹೇಬರ ಮಾತು ಹೇಳಿದೆ.

“ಬರಂಗಿಲ್ಲ” ಎಂದಳು. “ನಾಳೆ ಮತ್ತೇನರ ಹೆಚ್ಚು ಕಡಿಮಿ ಆದ್ರ ಎಲ್ಲಾರೂ ಮೊದ್ಲು ನನ್ನ ಮುಖಾನ ನೋಡ್ತಾರ. ಇಲ್ಲಿ ಹಂಗಿಲ್ಲ. ಇಲ್ಲಿ ಯಾರ ಮುಖಾನೂ ಯಾರೂ ನೋಡಂಗಿಲ್ಲ.”

ನಾನು ಅವಳ ಕಾಲು ಮುಟ್ಟಲು ಬಾಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

“ನನಗ ಗೊತ್ತಿತ್ತು, ನೀಲಾಬೇನ್. ಅವತ್ತ ಗೊತ್ತಾತು. ನನ್ನ ಗಂಟು ನನಗ ತಿಳಿಯಂಗಿಲ್ಲೇನು? ನಿನ್ನ ದಾರಕ್ಕ ಅರಿಶಿನದ ವಾಸನಿ ಇನ್ನೂ ಇತ್ತು. ನಿಮ್ಮವ್ವ ಹಂಗ ಕಟ್ತಾಳಂತ ನೀನ ಹೇಳಿದ್ದಿ.”

“ಮತ್ತ ಯಾಕ ಹೇಳಲಿಲ್ಲ?”

“ಬಸುರಿ ಇದ್ದಿ. ನಿನ್ನ ಹೆಸರು ನಾನ ಹೆಂಗ ಹೇಳ್ಲಿ? ನೀನ ಹೇಳ್ತಿ ಅಂತ ಕಾದೆ. ಗೇಟಿನ ತನಕ ಹೊಳ್ಳಿ ಹೊಳ್ಳಿ ನೋಡಿಕೋತ ಹೋದೆ.”

ಅವಳು ಕೂಸಿನ ಹಣೆಯ ಮೇಲಿನ ಬೆವರು ಒರೆಸಿದಳು. ಎಷ್ಟು ತಿಂಗಳು, ಹಾಲು ಸಾಕಾಗುತ್ತದೆಯೇ ಎಂದೆಲ್ಲ ಕೇಳಿದಳು. ಆಮೇಲೆ ಥಟ್ಟನೆ, “ಆ ಬೀಜ ಏನಾತು? ನಾ ಕೂಡಿಸಿದ್ದು?” ಎಂದಳು.

“ಎಮ್ಮಿಗೆ ಹಾಕಿದ್ರು.”

“ಎಲ್ಲಾನೂ?”

“ಎಲ್ಲಾನೂ.”

ಒಳಗೆ ಸೈರನ್ ಕೂಗಿತು. ಬೇರೆ ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಮಣಿಬೇನ್ ಏಳಲಿಲ್ಲ. ಕೂಸನ್ನು ನನ್ನ ಮಡಿಲಿಗೆ ಹಾಕಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ಮಕ್ಕಳ ಎದುರು ಕೆಲಸ ಕಳೆದುಕೊಂಡ ದಿನ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ.